ಹುಲಿ ಮುಖವಾಡದ ಲಾಡಿ

ಎಂಬತ್ತರ ದಶಕದ ಆರಂಭದಲ್ಲಿ, ಮಕ್ಕಳಿಗಾಗಿ ನಾಟಕ ಆಡುತ್ತಿದ್ದ ತುಮಕೂರಿನ ನಮ್ಮ ತಂಡದಲ್ಲಿ ನಾನು ಹುಲಿ. ಉಪ್ಪಾರಹಳ್ಳಿಯ ಒಂದು ಮನೆಯ ಮಹಡಿಯಲ್ಲಿ ಭಾನುವಾರ ತಾಲೀಮು. ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ ನಾವೇ ಮಾಡಿದ ಮುಖವಾಡಗಳು. ಹಾಕಿಕೊಂಡರೆ ಅರ್ಧ ದಿನ ಮೂಗಿನಿಂದ ಮೆಂತ್ಯದ ವಾಸನೆ ಹೋಗುತ್ತಿರಲಿಲ್ಲ.

ನಾಟಕ ಕಲಿಸುತ್ತಿದ್ದ ಡ್ರಾಯಿಂಗ್ ಮೇಷ್ಟ್ರದು ಒಂದು ಕಟ್ಟುನಿಟ್ಟು. ಮುಖವಾಡದವರೆಲ್ಲ ಮೊದಲು ಬರಿಮುಖದಲ್ಲಿ ಮಕ್ಕಳ ಮುಂದೆ ನಿಂತು, ಅವರೆದುರೇ ಅದನ್ನು ಕಟ್ಟಿಕೊಳ್ಳಬೇಕು. ಒಳಗಿರುವುದು ಮನುಷ್ಯರೆಂದು ಗೊತ್ತಾದರೆ ಪುಟಾಣಿಗಳು ಹೆದರುವುದಿಲ್ಲ.

ಕುಣಿಗಲ್‌ನಲ್ಲಿದ್ದ ನನ್ನ ಅತ್ತೆಯ, ಅಂದರೆ ನನ್ನ ಗಂಡನ ತಾಯಿಯ, ಕಟ್ಟುನಿಟ್ಟು ಬೇರೆ. "ಎಲ್ಲಾದ್ರೂ ಕುಣ್ಕೋ ಹೋಗು. ನಮ್ಮೂರಲ್ ಮಾತ್ರ ಮುಖ ತೋರುಸ್ಬೇಡ. ತೋರ್ಸುದ್ರೆ ನಾಟ್ಕ ಅವತ್ತಿಗೇ ಬಂದ್" ಅಂದಿದ್ದರು. ಹಲ್ಲು ಕಚ್ಚಿಕೊಂಡು ಒಪ್ಪಿದ್ದೆ.

ಗುಬ್ಬಿಯಲ್ಲಿ ಆಡಿದೆವು, ಕೋರದಲ್ಲಿ ಆಡಿದೆವು. ಕೊನೆಗೆ ಕುಣಿಗಲ್‌ನ ಒಂದು ಶಾಲೆಯಿಂದಲೇ ಕರೆ ಬಂತು. ಮೇಷ್ಟ್ರನ್ನು ಕಾಡಿ ಬೇಡಿ, ಅಲ್ಲಿ ಮಾತ್ರ ಮುಖವಾಡ ಕಟ್ಟಿಕೊಂಡೇ ಬರಲು ಒಪ್ಪಿಸಿದೆ. ಹಿಂದಿನ ದಿನವೇ ಹೋಗಿ ಅತ್ತೆಯ ಮನೆಯಲ್ಲಿ ಉಳಿದೆ. ಅವರೂ ನಾಟಕಕ್ಕೆ ಬಂದು ಮೊದಲ ಸಾಲಿನ ಜಮಖಾನದ ಮೇಲೆ ಕೂತರು. ಕಾವಲಿಗೆ ಬಂದಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು.

ನಾನು ಕಾಲಿಟ್ಟೆ, ಅಷ್ಟೆ. ಒಂದು ಮಗು ಕಿಟಾರನೆ ಕಿರುಚಿತು. ಅದರ ಹಿಂದೆ ಇನ್ನಷ್ಟು ಮಕ್ಕಳು ಅಳುತ್ತ ಎದ್ದು ಬಾಗಿಲಿನತ್ತ ಓಡಿದವು. ಜಿಂಕೆಯ ಪಾತ್ರದವರು ಮಾತು ನಿಲ್ಲಿಸಿದರು. ಮುಖವಾಡ ತೆಗೆದರೆ ಮಕ್ಕಳು ಸುಮ್ಮನಾಗುತ್ತಾರೆ, ನನ್ನ ನಾಟಕ ಅಲ್ಲಿಗೆ ಮುಗಿಯುತ್ತದೆ. ಕೈ ಲಾಡಿಯ ಮೇಲಿತ್ತು, ಬಿಚ್ಚಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಅಳುವ ಮಕ್ಕಳಿಗಿಂತ ನನ್ನ ಪಾತ್ರವೇ ನನಗೆ ಹೆಚ್ಚಾಗಿತ್ತು.

ಅತ್ತೆ ಎದ್ದರು. ಮೊದಲು ಕಿರುಚಿದ ಆ ಹುಡುಗನನ್ನು ಕಂಕುಳಿಗೆ ಏರಿಸಿಕೊಂಡು ನೇರ ನನ್ನ ಹತ್ತಿರ ಬಂದರು. ಇಡೀ ಶಾಲೆಗೆ ಕೇಳುವಂತೆ, "ಹುಲಿ ಅಲ್ಲ ಕಣೋ ಮಗ, ನಮ್ಮನೆ ಸೊಸೆ. ಬೆಳಿಗ್ಗೆ ನಂಗೆ ರೊಟ್ಟಿ ತಟ್ಟಿಕೊಟ್ಟು ಬಂದವ್ಳೆ" ಅಂದರು. ಆಮೇಲೆ ನನ್ನತ್ತ ತಿರುಗಿ, "ತೆಗಿ ಕಣಮ್ಮಿ. ಈ ಕೂಸ್ಗಿಂತ ದೊಡ್ಡದಾ ನನ್ ಮಾತು?"

ತೆಗೆದೆ. ಹುಡುಗ ನನ್ನ ಬೆವೆತ ಮೂಗನ್ನು ಮುಟ್ಟಿ ನೋಡಿದ. ನಾಟಕ ಮತ್ತೆ ಮೊದಲಿನಿಂದ ಶುರುವಾಯಿತು.

ಆಮೇಲೂ ಎಷ್ಟೋ ವರ್ಷ ನಾನು ಹುಲಿಯಾಗಿದ್ದೆ. ಅದು ಅತ್ತೆ ಕೊಟ್ಟದ್ದು, ಆ ಋಣ ನಾನು ಮರೆತಿಲ್ಲ. ಕುಣಿಗಲ್‌ನಲ್ಲಿ ಆಡಿದಾಗಲೆಲ್ಲ, ಬರಿಮುಖದಲ್ಲಿ ನಿಂತ ನನಗೆ ಮಕ್ಕಳೆದುರೇ ಲಾಡಿ ಕಟ್ಟುತ್ತಿದ್ದವರು ಅವರೇ.