ಹೆಪ್ಪಿಗೆ ಹೋಗುವ ಹೊತ್ತು

ಅವ್ವ ಸುಮ್ಮನೆ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಲಿಂಗಸುಗೂರಿನ ನಮ್ಮ ಬಾಡಿಗೆ ಮನೆಯಲ್ಲಿ. ಅದಕ್ಕೂ ಮೊದಲು ಕೂತೇ ಇರಲಿಲ್ಲವೆಂದಲ್ಲ. ರೊಟ್ಟಿ ಬಡಿಯಲು ಕೂತಿದ್ದಳು, ಅಕ್ಕಿ ಹಸನು ಮಾಡಲು ಕೂತಿದ್ದಳು. ಕೈಯಲ್ಲಿ ಏನೂ ಇಲ್ಲದೆ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ನೋಡುತ್ತ ಕೂತದ್ದು ಅಲ್ಲೇ ಮೊದಲು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಬಳಗಾನೂರಿನ ಗದ್ದೆಗಳಲ್ಲಿ ಆಕೆ ನಾಟಿ ಹಚ್ಚುವ ಕೂಲಿಯವಳು. ಎಂಬತ್ತರ ದಶಕದಲ್ಲಿ ನಾನು ಮಸ್ಕಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೆ. ಅಲ್ಲಿಯ ಊಟ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟು ಸೊಕ್ಕು. ಅವ್ವ ವಾರಕ್ಕೊಮ್ಮೆ ರೊಟ್ಟಿ ಗಂಟು ಹೊತ್ತು ಬರುತ್ತಿದ್ದಳು. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಯಾರದಾದರೂ ಬಂಡಿ, ಅದೂ ಇಲ್ಲದಿದ್ದರೆ ನಡಿಗೆ. ಬಂದವಳು ಕೂರುತ್ತಲೂ ಇರಲಿಲ್ಲ. ಗಂಟು ಕೈಗಿಟ್ಟು, "ಹೊತ್ತಾತು" ಎಂದು ತಿರುಗಿಬಿಡುತ್ತಿದ್ದಳು. ಆಕೆಯ ಮುಖಕ್ಕಿಂತ ಬೆನ್ನನ್ನೇ ನಾನು ಹೆಚ್ಚು ನೋಡಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಆಕೆಯನ್ನು ಕರೆತಂದೆ. ನಾನೊಬ್ಬಳೇ ಮಗಳು. ಆಗಲೇ ಲಿಂಗಸುಗೂರಿನಲ್ಲಿ ಶಾಲೆಯ ನೌಕರಿ ಹಿಡಿದಿದ್ದೆ. ನನ್ನ ಗಂಡ ಬೇಡವೆನ್ನಲಿಲ್ಲ. ಆದರೆ ತಾಯಿ ಮಗಳ ಮನೆಯಲ್ಲಿರುವುದು ನಮ್ಮ ಕಡೆ ಅಷ್ಟು ಸಲೀಸಲ್ಲ. ಆಕೆ ಕಸಬರಿಗೆ ಮುಟ್ಟಿದರೆ, ಅಳಿಯ ಅತ್ತೆಯ ಕೈಲಿ ಕಸ ಹೊಡೆಸುತ್ತಾನೆ ಎಂದು ಓಣಿಯ ಬಾಯಿ ತೆರೆದುಕೊಳ್ಳುತ್ತಿತ್ತು. ಆ ಬಾಯಿಗೆ ಹೆದರಿ ಮೊದಲು ಕಸಬರಿಗೆ, ಆಮೇಲೆ ಕೊಡ, ಕೊನೆಗೆ ರೊಟ್ಟಿಯ ಹಂಚನ್ನೂ ಆಕೆಯಿಂದ ಕಸಿದುಕೊಂಡೆವು. ಎಲ್ಲ ಮರ್ಯಾದೆಯಿಂದಲೇ. ವರ್ಷ ತುಂಬುವುದರೊಳಗೆ ಮೊಣಕಾಲು ಹಿಡಿದುಕೊಂಡವು.

ದವಾಖಾನೆಗೆ ಕರೆದೊಯ್ದೆ. "ಹಿಂಗ ಕುಂತ್ರ ಕುಂತಲ್ಲೇ ಉಳಿತೀರಿ ನೋಡ್ರಿ. ದಿನಾ ಸಂಜೀಕ ಅಡ್ಡಾಡ್ರಿ" ಎಂದರು ಡಾಕ್ಟರು.

ಅವ್ವ ಹೊರಗೆ ಬಂದವಳೇ ನನ್ನ ಮೇಲೆ ಹರಿಹಾಯ್ದಳು. "ಕೆಲಸಿಲ್ಲ, ಬೊಗಸಿಲ್ಲ, ಸುಮ್ಮನ ಓಣ್ಯಾಗ ಅಡ್ಡಾಡಾಕ ನನಗೇನು ಹುಚ್ಚು ಹಿಡದೈತೇನು? ಅದೂ ಅಳಿಯನ ಊರಾಗ!"

ಹೇಳಿ ಹೇಳಿ ನನ್ನ ಬಾಯಿ ನೋಯಿತು. ಮಕ್ಕಳಿಗೆ ಹೇಳುವ ಹಾಗೆ ಗದರಿಸಿಯೂ ನೋಡಿದೆ. ಆಕೆ ಗೋಡೆ ಬಿಡಲಿಲ್ಲ.

ಒಂದು ದಿನ ಶಾಲೆಯಿಂದ ಬರುವುದು ತಡವಾಯಿತು. ಮನೆಯಲ್ಲಿ ಹಾಲು ಕಾಸಿಟ್ಟಿತ್ತು, ಹೆಪ್ಪು ಹಾಕಲು ಒಂದು ಹನಿ ಮೊಸರಿರಲಿಲ್ಲ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ, ಕೇಳುವುದೂ ಇಲ್ಲ. ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆಂಬ ನಂಬಿಕೆ. ನಾನು ಬಂದಾಗ ಅವ್ವ ಓಣಿಯ ಆ ತುದಿಯಿಂದ, ಸೆರಗಿನಡಿ ಬಟ್ಟಲು ಹಿಡಿದು, ಕಾಲೆಳೆಯುತ್ತ ಬರುತ್ತಿದ್ದಳು. ಹಣೆಯಲ್ಲಿ ಬೆವರು. ಎಷ್ಟೋ ತಿಂಗಳ ಮೇಲೆ ಮುಖಕ್ಕೆ ಕಳೆ ಬಂದಿತ್ತು.

"ಹೆಪ್ಪಿಗೂ ಗತಿಯಿಲ್ಲದ ಸಂಸಾರ ಮಾಡ್ತಿ ನೋಡು" ಎಂದು ಬೈದಳು. ಬೈಸಿಕೊಂಡು ನನಗೆ ಹೊಟ್ಟೆ ತುಂಬಿತು.

ಮರುದಿನದಿಂದ ಮೊಸರಿನ ಗಡಿಗೆಯನ್ನು ಬೆಳಿಗ್ಗೆಯೇ ಬಳಿದು ಮಜ್ಜಿಗೆ ಮಾಡಿ, ಹೆಪ್ಪಿಗೆ ಒಂದು ಹನಿಯೂ ಉಳಿಯದಂತೆ ಬಡಿಸಿ ಮುಗಿಸಿ ಶಾಲೆಗೆ ಹೋಗತೊಡಗಿದೆ. ಅವ್ವ ದಿನವೂ ಬೈಯುತ್ತಿದ್ದಳು, ಹೊತ್ತು ಇಳಿಯುತ್ತಲೇ ಬಟ್ಟಲು ಹಿಡಿದು ಹೊರಡುತ್ತಿದ್ದಳು. ಹೆಪ್ಪು ಕೊಡುತ್ತಿದ್ದುದು ಎಮ್ಮೆ ಕಟ್ಟಿದ ಮನೆಯ ಮುದುಕಿ, ಅವ್ವನ ವಾರಿಗೆಯವಳು. ಹೋದರೆ ಬೇಗ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಇಬ್ಬರದೂ ಮಾತೇ ಮಾತು. ಆ ಬಟ್ಟಲಿನ ಕೃಪೆಯಿಂದ ಅವ್ವನ ಕಾಲು ಆಡತೊಡಗಿದವು. ಈ ಆಟವನ್ನು ನಾನು ಗಂಡನಿಗೂ ಹೇಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಹೀಗೆ ಎರಡು ಬೇಸಿಗೆ ಕಳೆದವು. ಮೂರನೆಯ ಬೇಸಿಗೆ ಬರುವ ಮುಂಚೆ ಆ ಮುದುಕಿ ಮಲಗಿದಲ್ಲೇ ಹೋಗಿಬಿಟ್ಟಳು. ಅವ್ವ ಹೋಗಿ ಮಣ್ಣು ಮುಗಿಯುವ ತನಕ ಇದ್ದು, ಬರಿಗೈಯಲ್ಲಿ ಬಂದಳು. ಸಾವಿನ ಮನೆಯಿಂದ ಹೆಪ್ಪು ತರುವುದಿಲ್ಲ. ಸೂತಕದ ಅಷ್ಟೂ ದಿನ ನಾನು ಬೇರೆ ಮನೆಯಿಂದ ತಂದೆ.

ದಿನಕರ್ಮವೆಲ್ಲ ಮುಗಿದ ಮೇಲೆ ಆ ಮನೆಯ ಸೊಸೆ ದಾರಿಯಲ್ಲಿ ಸಿಕ್ಕು, "ನಿಮ್ಮ ಅವ್ವಾರನ್ನ ಕಳಸ್ರೀ ಟೀಚರ್, ಹೆಪ್ಪು ತಗದಿಟ್ಟೀನಿ" ಎಂದಳು. ಮನೆಗೆ ಬಂದು ಹೇಳಿದೆ. ಅವ್ವ ಅಲುಗಾಡಲಿಲ್ಲ. ಹೊತ್ತು ಇಳಿಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಏಳು ಬೇ, ದೀಪ ಹಚ್ಚೂ ಹೊತ್ತಾತು. ಮನ್ಯಾಗ ಹೆಪ್ಪಿಲ್ಲ."

"ಉಪ್ಪಿನ ಡಬ್ಬಿ ಹಿಂದ ಐತಿ ನೋಡು" ಎಂದಳು.

ನೋಡಿದೆ. ಸಣ್ಣ ಬಟ್ಟಲಲ್ಲಿ, ತಟ್ಟೆ ಮುಚ್ಚಿದ ಮೊಸರು.

"ಯಾವಾಗ ತಗದಿಟ್ಟಿ?"

"ದಿನಾ ಇಡ್ತಿದ್ದೆ. ನೀ ಗಡಿಗಿ ಬಳಿಯೂಕಿಂತ ಮೊದಲ."

"ಮತ್ತ ಅಲ್ಲಿತನಕ ಯಾಕ ಹೋಗ್ತಿದ್ದಿ?"

ಅವ್ವ ಬಾಗಿಲ ಕಡೆ ನೋಡಿದಳು. "ಆಕಿ ಕಾಲು ನನಗಿಂತ ಕೆಟ್ಟಿದ್ವು. ನಾ ಹೋದ್ರ ಹೆಪ್ಪು ಕೊಡಾಕ ಎದ್ದು ಒಳಗ ಹೋಗ್ತಿದ್ಳು, ಸೊಸಿ ಕೈಗೆ ಬಿಡ್ತಿದ್ದಿಲ್ಲ. ಇಲ್ಲಂದ್ರ ಹೊರಸು ಬಿಟ್ಟು ಏಳಾಕಿ ಅಲ್ಲ ಆಕಿ. ಈಗ ಯಾರನ್ನ ಎಬ್ಬಸಾಕ ಹೋಗ್ಲಿ?"

ನನ್ನ ಸಿಟ್ಟೆಲ್ಲ ಇಳಿದು ಹೆದರಿಕೆಯಾಯಿತು. ಆಕೆ ಮತ್ತೆ ಗೋಡೆಗೆ ಅಂಟಿಕೊಂಡರೆ ಈ ಸಲ ಏಳುವುದಿಲ್ಲವೆಂದು ನನಗೆ ಗೊತ್ತಿತ್ತು. ಎದುರಿಗೆ ಕೂತು ಆಕೆಯ ಕೈ ಹಿಡಿದುಕೊಂಡೆ. ಅಳು ತಡೆಯಲಿಲ್ಲ.

"ನನ್ನ ಸಲುವಾಗಿ ನಡಿ ಬೇ. ಬರೇ ಆ ತುದಿ ತನಕ."

ಅವ್ವ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ.

"ನಿನ್ನ ಸಲುವಾಗಿ ಭಾಳ ನಡದೀನಿ ಯವ್ವಾ" ಎಂದಳು. "ಇನ್ನ ಸಾಕು."

ಎದ್ದು ಹೋಗಿ, ಆಕೆ ತೆಗೆದಿಟ್ಟ ಮೊಸರನ್ನೇ ಹಾಲಿಗೆ ಹಾಕಿ, ದೀಪ ಹಚ್ಚಿದೆ.