ಜೋಮು ಹಿಡಿದ ಕೈಯಲ್ಲಿ ಹಾಕಿದ ಜಡೆ

ಬೆಳವಣಿಗೆಯ ಹಾರ್ಮೋನು ತುಂಬಿದ ಇಂಜೆಕ್ಷನ್ ಪೆನ್ನು ನಮ್ಮ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ನಲವತ್ತು ದಾಟಿದ ಮೇಲೆ ಇನ್ನೆಷ್ಟು ಎತ್ತರ ಆಗಬೇಕಯ್ಯಾ ನಿನಗೆ ಎಂದು ರೇಗಿಸದ ಸ್ನೇಹಿತರಿಲ್ಲ. ತಲೆಯೊಳಗೆ ಈ ಹಾರ್ಮೋನು ತಯಾರಿಸುವ ಪಿಟ್ಯುಟರಿ ಗ್ರಂಥಿಯ ಮೇಲೆ ಒಂದು ಗಂಟು ಬೆಳೆದಿತ್ತು. ಅಪಾಯದ್ದಲ್ಲ, ಆಪರೇಷನ್ ಮಾಡಿ ತೆಗೆದರು. ಆದರೆ ಅಷ್ಟರಲ್ಲಿ ಅದು ಗ್ರಂಥಿಯ ಕೆಲಸವನ್ನು ಕೆಡಿಸಿಯಾಗಿತ್ತು. ದೊಡ್ಡವರಿಗೂ ಆ ಹಾರ್ಮೋನು ಬೇಕು, ಎತ್ತರಕ್ಕಲ್ಲ, ಮೈಯಲ್ಲಿ ಕಸುವು ಇರುವುದಕ್ಕೆ. ಅದು ಇಲ್ಲವಾದಾಗಲೇ ನನಗೆ ತಿಳಿದದ್ದು.

ಒಂದು ವರ್ಷ ನಾನು ಸೋಫಾ ಬಿಟ್ಟು ಏಳಲಿಲ್ಲ ಎಂದರೂ ಸರಿಯೇ. ಆಫೀಸಿನಿಂದ ಬಂದು ಜಾಕೆಟ್ ಬಿಚ್ಚುವಷ್ಟರಲ್ಲಿ ಸಾಕಾಗಿ ಹೋಗುತ್ತಿತ್ತು. ಮಗಳು ಏನೋ ಕೇಳಲು ಬಂದು, ನನ್ನ ಮುಖ ನೋಡಿ, ಸುಮ್ಮನೆ ವಾಪಸು ಹೋಗುತ್ತಿದ್ದಳು. ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳಿಗೆ ಮತ್ತೆ ಸೈಕಲ್ ಹತ್ತಿ, ಸ್ವೀಡನ್ನಿನಲ್ಲಿ ನಾವಿರುವ ಊರು ಲಿಂಕೋಪಿಂಗ್ ಸುತ್ತತೊಡಗಿದೆ. ಹೆಂಡತಿಗೆ ಸ್ಟಾಕ್‌ಹೋಮಿನಲ್ಲಿ ಕೆಲಸ, ಬೆಳಗ್ಗೆ ಬೇಗ ರೈಲು ಹಿಡಿಯಬೇಕು. ಹಾಗಾಗಿ ಏಳು ವರ್ಷದ ಮಗಳಿಗೆ ಜಡೆ ಹಾಕುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ನಡು ಬೈತಲೆ, ಎರಡು ಜಡೆ. ಬೈತಲೆ ಮೊದಲ ಸಲ ನೆಟ್ಟಗೆ ಬಂದ ದಿನ ಫೋಟೊ ತೆಗೆದು ಬೆಂಗಳೂರಿನ ನೆಂಟರಿಗೆಲ್ಲ ಕಳಿಸಿದೆ. ಅಷ್ಟು ಹೆಮ್ಮೆ.

ಜೋಮು ಬಂದದ್ದು ಆಮೇಲೆ. ಬೆಳಗ್ಗೆ ಎದ್ದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಯಾರದೋ ಅನ್ನಿಸುತ್ತಿದ್ದವು. ಕೈ ಕೊಡವಿದರೆ ಸ್ವಲ್ಪ ಹೊತ್ತಿಗೆ ಬಿಡುತ್ತಿತ್ತು, ಬರಬರುತ್ತ ಅದೂ ಇಲ್ಲ. ಚಳಿ ಎಂದುಕೊಂಡು ದಪ್ಪ ಗ್ಲೌಸ್ ತಂದೆ. ಮೇ ತಿಂಗಳು ಬಂದು ಗ್ಲೌಸ್ ಕಪಾಟು ಸೇರಿದರೂ ಚಳಿಯನ್ನೇ ಬೈಯುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿತ್ತು. ಔಷಧಿಯ ಜೊತೆ ಬಂದ ಚೀಟಿಯಲ್ಲಿ ಕೈ ಜೋಮು ಹಿಡಿಯಬಹುದು ಎಂದು ಸ್ಪಷ್ಟವಾಗಿ ಬರೆದಿತ್ತು.

ಆಸ್ಪತ್ರೆಯ ನರ್ಸ್ ಆಗಾಗ ಫೋನ್ ಮಾಡುತ್ತಿದ್ದರು. ಕಾಲು ಊದಿದೆಯೇ, ಕೀಲು ನೋಯುತ್ತದೆಯೇ, ಕೈ ಜೋಮು ಹಿಡಿಯುತ್ತದೆಯೇ ಎಂದು ಒಂದೊಂದಾಗಿ ಕೇಳುವರು. ನಾನು ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ. ನಮ್ಮಲ್ಲಿ ಜ್ವರದಲ್ಲಿ ನಡುಗುತ್ತಿರುವವನೂ ಹೇಗಿದ್ದೀರಿ ಅಂದರೆ ಪರವಾಗಿಲ್ಲ ಅನ್ನುತ್ತಾನೆ. ಕೇಳಿದವರು ನಂಬುವುದಿಲ್ಲ, ಮುಖ ನೋಡಿ ಇನ್ನೊಂದು ಸಲ ಕೇಳುತ್ತಾರೆ. ಇಲ್ಲಿನವರು ಪಾಪ, ನಂಬಿ ಬರೆದುಕೊಳ್ಳುತ್ತಾರೆ. ಆ ನರ್ಸೂ ಬರೆದುಕೊಂಡರು. ತೊಂದರೆಯೇನೂ ಇಲ್ಲವಲ್ಲ ಎಂದು, ರಕ್ತದ ರಿಪೋರ್ಟ್ ನೋಡಿ ಡೋಸ್ ಇನ್ನೊಂದಿಷ್ಟು ಏರಿಸಿದರು. ಬರೀ ಅಭ್ಯಾಸಬಲವೂ ಅಲ್ಲ, ನನಗೆ ಭಯವಿತ್ತು. ಬಾಯಿ ಬಿಟ್ಟರೆ ಇಂಜೆಕ್ಷನ್ ನಿಲ್ಲಿಸುತ್ತಾರೆ, ಮತ್ತೆ ಅದೇ ಸೋಫಾ ಗತಿ.

ಒಂದು ದಿನ ಮಗಳು ಆಟದ ಬಟ್ಟೆಯ ಚೀಲ ಮರೆತು ಹೋಗಿದ್ದಳು. ಹತ್ತು ಗಂಟೆಗೆ ಅದನ್ನು ಕೊಡಲು ಶಾಲೆಗೆ ಹೋದೆ. ಮಕ್ಕಳು ಹಣ್ಣು ತಿನ್ನುವ ಹೊತ್ತು. ಮಗಳು ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು, ಹಿಂದೆ ನಿಂತು ಟೀಚರ್ ಅವಳಿಗೆ ಜಡೆ ಹಾಕುತ್ತಿದ್ದರು. ದಿನಾ ಇಷ್ಟು ಹೊತ್ತಿಗೆ ಬಿಚ್ಚಿಹೋಗುತ್ತದೆ, ನಾನೇ ಹಾಕುತ್ತೇನೆ ಎಂದು ಅವರು ನಗುತ್ತಲೇ ಹೇಳಿದರು. ಮಗಳು ಅವರನ್ನು ದುರುಗುಟ್ಟಿ ನೋಡಿದಳು. ಅಪ್ಪನಿಗೆ ಹೇಳಬಾರದು ಎಂದು ಅವಳ ಕಟ್ಟಪ್ಪಣೆಯಾಗಿತ್ತಂತೆ.

ಸಂಜೆ ಮನೆಗೆ ನಡೆದು ಬರುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ವೀಡಿಷಿನಲ್ಲಿ ಏನೋ ತೇಲಿಸಿ ಮಾತಾಡಿದಳು. ಬಿಡದೆ ಕೇಳಿದಾಗ ಕನ್ನಡಕ್ಕೆ ಬಂದಳು.

"ಹೇಳಿದ್ರೆ ನೀನು ಮತ್ತೆ ಮಲ್ಕೊಂಡ್‌ಬಿಡ್ತೀಯ ಅಂತ."

ನನಗೆ ನಾಚಿಕೆಯಾಯಿತು. ನಾನು ನರ್ಸಿಗೆ ಏನು ಮಾಡುತ್ತಿದ್ದೆನೋ ಅದನ್ನೇ ಅವಳು ನನಗೆ ಮಾಡುತ್ತಿದ್ದಳು, ಕಾರಣವೂ ಅದೇ.

ಮರುದಿನ ನಾನೇ ಫೋನ್ ಮಾಡಿ, ತಿಂಗಳುಗಟ್ಟಲೆ ಸುಳ್ಳು ಹೇಳಿದ್ದೇನೆ ಎಂದು ಒಪ್ಪಿಕೊಂಡೆ. ನರ್ಸ್ ಬೈಯಲಿಲ್ಲ. ಔಷಧಿಯಿಂದ ಮೈಯಲ್ಲಿ ನೀರು ನಿಂತು ಮಣಿಕಟ್ಟಿನ ನರ ಒತ್ತಿಕೊಳ್ಳುತ್ತದೆ, ಡೋಸ್ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ನಿಲ್ಲಿಸುವ ಮಾತೇ ಇಲ್ಲ ಎಂದರು. ಡಾಕ್ಟರನ್ನು ಕೇಳಿ ಅಂದೇ ಇಳಿಸಿದರು. ನಾನು ಇಷ್ಟು ದಿನ ಹೆದರಿದ್ದು ಈ ಐದು ನಿಮಿಷದ ಮಾತಿಗೆ.

ಕೆಲವು ವಾರಗಳಲ್ಲಿ ಬೆರಳುಗಳು ಒಂದೊಂದಾಗಿ ನನ್ನವಾದವು. ಸೋಫಾ ನನ್ನನ್ನು ವಾಪಸು ಕರೆಯಲಿಲ್ಲ. ಕೂದಲಿನ ನುಣುಪು, ಸಿಕ್ಕು, ಎಣ್ಣೆಯ ಜಿಡ್ಡು ಎಲ್ಲ ಮತ್ತೆ ಕೈಗೆ ತಿಳಿಯತೊಡಗಿತು. ಆ ಖುಷಿಯಲ್ಲಿ ಒಂದು ಬೆಳಗ್ಗೆ ಸ್ವಲ್ಪ ಜೋರಾಗಿಯೇ ಎಳೆದು ಹೆಣೆದೆನೆಂದು ಕಾಣುತ್ತದೆ.

"ನೋಯ್ತಿದೆ ಅಪ್ಪ," ಎಂದಳು ಮಗಳು. "ಟೈಟ್ ಆಯ್ತು. ಬಿಚ್ಚಿ ಇನ್ನೊಂದ್ಸಲ ಹಾಕು."

ಎಷ್ಟೋ ದಿನದ ಮೇಲೆ ಅವಳು ನನ್ನ ಹತ್ತಿರ ಹೇಳಿದ ಮೊದಲ ದೂರು ಅದು. ಶಾಲೆಗೆ ತಡವಾಗುತ್ತಿತ್ತು. ನಾನು ಸಂತೋಷದಿಂದ ಬಿಚ್ಚಿದೆ.