ಉಡಿಯಲ್ಲಿ ಅಕ್ಕಿ, ಫೋನಿನಲ್ಲಿ ಸಿಗಡಿ

ಕುಮಟಾ ಕಡೆ, ಹೊಳೆ ಸಮುದ್ರ ಸೇರುವ ಅಳಿವೆಗಳಲ್ಲಿ ಮೀನು, ಸಿಗಡಿಗಳ ಆರೋಗ್ಯ ನೋಡುವುದು ನನ್ನ ಕೆಲಸ. ಸಿಗಡಿ ಸಾಕುವ ಹೊಂಡಗಳನ್ನು ಸುತ್ತುತ್ತೇನೆ, ಸತ್ತವನ್ನು ಕೊಯ್ದು ನೋಡುತ್ತೇನೆ, ರೋಗ ಹಬ್ಬದಂತೆ ತಡೆಯುತ್ತೇನೆ. ಬ್ಯಾಡಗಿಯ ನಮ್ಮ ಮನೆಯವರು ಮಾತ್ರ ಊರಿಗೆಲ್ಲ ‘ನೀರು ಪರೀಕ್ಷೆ ಮಾಡ್ತಾಳ’ ಎಂದೇ ಹೇಳುತ್ತಾರೆ. ಮೀನಿನ ಹೆಸರೆತ್ತಿದರೆ ಅವ್ವನಿಗೆ ಊಟ ಸೇರುವುದಿಲ್ಲ. ನಮ್ಮೂರ ಮೆಣಸಿನಕಾಯಿ ಇಲ್ಲದೆ ಕರಾವಳಿಯ ಮೀನುಸಾರು ಕೆಂಪಾಗುವುದಿಲ್ಲ. ಮೆಣಸಿನಕಾಯಿ ಅಲ್ಲಿಗೆ ಹೋದರೆ ವ್ಯಾಪಾರ, ಮಗಳು ಹೋದರೆ ಮೈಲಿಗೆ. ಈ ನ್ಯಾಯ ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಭಾನುವಾರ ರಾಣೆಬೆನ್ನೂರಿನ ಬೀಜದಂಗಡಿಯವರು ನನ್ನನ್ನು ನೋಡಲು ಬಂದಿದ್ದರು. ನೋಡಿ ಹೋಗುತ್ತಾರೆ ಅಂದುಕೊಂಡಿದ್ದೆ. ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಹುಡುಗನ ತಾಯಿ ಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು ತೆಗೆದರು. ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಉಡಿ ತುಂಬಿ ಸಂಬಂಧ ಗಟ್ಟಿ ಮಾಡಿಯೇ ಹೋಗುತ್ತೇವೆ ಎಂದರು. ಹುಡುಗನ ಮುಖವನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ. ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ ಸೆರಗು ಒಡ್ಡಿಸಿದಳು. ಉಡಿ ಹಿಡಿದವಳು ಗಂಟು ಹಾಕುವ ತನಕ ಏಳಬಾರದು, ಒಂದು ಕಾಳೂ ಚೆಲ್ಲಬಾರದು.

ಆಗ ಕಿಟಕಿಯಲ್ಲಿದ್ದ ಫೋನ್ ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಶುರುವಾಯಿತು. ಕುಮಟಾದ ಹೊಂಡದವನೇ ಇರಬೇಕು. ಅವನ ಸಿಗಡಿಗಳು ಮೇವು ಬಿಟ್ಟು ದಂಡೆಗೆ ಬಂದ ಫೋಟೊ ಬೆಳಗ್ಗೆಯೇ ಕಳಿಸಿದ್ದ. ಸಮುದ್ರ ಇಳಿಯುವ ಹೊತ್ತು. ಹೆದರಿ ತೂಬು ತೆಗೆದನೆಂದರೆ ರೋಗ ಅಳಿವೆಗೆ ಇಳಿದು, ಉಬ್ಬರದಲ್ಲಿ ಎಲ್ಲರ ಹೊಂಡಕ್ಕೂ ನುಗ್ಗುತ್ತದೆ. ನನ್ನ ಎರಡೂ ಕೈ ಸೆರಗಿನಲ್ಲಿದ್ದವು.

“ಅವ್ವಾ, ಫೋನ್ ಎತ್ತು. ಸ್ಪೀಕರ್ ಹಾಕು,” ಅಂದೆ. ಅವಳು ಕಣ್ಣಲ್ಲೇ ಗದರಿದಳು.

“ಎತ್ತಲಿಲ್ಲಂದ್ರ ಎದ್ದಬಿಡ್ತೇನಿ ನೋಡು.”

ಅಕ್ಕಿ ಚೆಲ್ಲೀತೆಂಬ ಹೆದರಿಕೆಗೆ ಎತ್ತಿದಳು.

“ಮೇಡಂ, ನೀರು ಬಿಡ್ಲಾ?”

“ಬಿಡಬ್ಯಾಡ್ರಿ! ಒಂದು ಸಿಗಡಿ ತಲಿ ಚಿಪ್ಪು ಬಿಚ್ಚಿ ಬೆಳಕಿಗೆ ಹಿಡೀರಿ. ಬಿಳಿ ಚುಕ್ಕಿ ಅದಾವೇನು?”

“ಸುಮಾರು ಉಂಟು.”

“ಹಂಗಾರ ತೂಬು ಮುಚ್ಚೇ ಇರ್ಲಿ. ಸತ್ತದ್ದನ್ನ ಹೊರಗ ಒಗೀಬ್ಯಾಡ್ರಿ, ಬಲೆ ಯಾರಿಗೂ ಕೊಡಬ್ಯಾಡ್ರಿ. ಔಷಧ ಹಾಕೂತನಕ ಒಂದು ಹನಿ ನೀರು ಹೊರಗ ಹೋಗಬಾರದು.”

“ಆಯ್ತು, ತೆಗೆಯೂದಿಲ್ಲ.”

ಅವ್ವ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ನಿಂತಿದ್ದಳು. ನನ್ನ ಕೆಲಸ ಬಯಲಾಯಿತು, ಸಂಬಂಧ ಮುರಿಯಿತು, ಪೀಡೆ ತೊಲಗಿತು ಎಂದು ನನಗೆ ಒಳಗೊಳಗೇ ಖುಷಿ.

ಹುಡುಗನ ತಾಯಿ ನಕ್ಕು, ಕೊನೆಯ ಹಿಡಿ ಅಕ್ಕಿ ಹಾಕಿದರು. “ಇರ್ಲಿ ಬಿಡ್ರಿ. ಲಗ್ನ ಆದಮ್ಯಾಲ ಇದೆಲ್ಲಾ ಯಾಕ ಬೇಕಾಗೇತಿ? ನಮ್ಮನ್ಯಾಗ ಆರಾಮ ಇರ್ತಾಳ.” ಸೆರಗಿಗೆ ಗಂಟು ಹಾಕಿದರು.

ಫೋನಿನಲ್ಲಿ ಅವನು ಇನ್ನೂ ಇದ್ದ. “ನಾಳೆ ಬರ್ತೀರಲ್ಲ ಮೇಡಂ?”

“ಇಲ್ರಿ, ಬರೂದಿಲ್ಲ,” ಎಂದು ಅವ್ವ ಫೋನ್ ಕಟ್ ಮಾಡಿದಳು.

“ಬರ್ತೇನಿ!” ಅಂದೆ. ಕೇಳಿಸಿದ್ದು ಪಡಸಾಲೆಯವರಿಗೆ ಮಾತ್ರ. ಹುಡುಗನ ತಾಯಿ ಬಾಗಿ, ಪ್ರೀತಿಯಿಂದಲೇ, ಗಂಟನ್ನು ಇನ್ನೊಂದು ಸಲ ಬಿಗಿದರು.